ಕೆನಡಾದ ರೆಸಿಡೆನ್ಶಿಯಲ್ ಶಾಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಸೆಪ್ಟೆಂಬರ್ 30ಕ್ಕೆ ಇಲ್ಲಿ ಒಂಟಾರಿಯೊದಲ್ಲಿ ಮಕ್ಕಳು ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ಮಗಳ ಫೋಟೊ ಊರಿಗೆ ಕಳಿಸಿದರೆ ಸಾಕು, ಫೋನ್ ಬರುತ್ತದೆ. "ಏನು ಹಬ್ಬ ಇವತ್ತು?" ಹಬ್ಬ ಅಲ್ಲ, ಇಲ್ಲಿನ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಒಯ್ದು ಇಟ್ಟಿದ್ದ ರೆಸಿಡೆನ್ಶಿಯಲ್ ಶಾಲೆಗಳನ್ನು ನೆನೆಯುವ ದಿನ ಅಂತ ಹೇಳಿ, ಮತ್ತೆ ಮೊದಲಿಂದ ವಿವರಿಸುತ್ತೇನೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರೂ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಮಕ್ಕಳ ಸಾವಿನ ವಿಷಯ ಇದೆ. ಓದಲು ಕಷ್ಟ ಅನಿಸಿದರೆ ನಿಧಾನವಾಗಿ ಓದಿ.

ರೆಸಿಡೆನ್ಶಿಯಲ್ ಸ್ಕೂಲ್ ಅಂದ್ರೆ ಒಳ್ಳೇದೇ ಅಲ್ವಾ?

ನಮ್ಮ ಕಡೆ ಹೌದು. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಅಂದರೆ ಪರೀಕ್ಷೆ ಬರೆದು ಸೀಟು ಗಿಟ್ಟಿಸಿಕೊಳ್ಳುವ ಜಾಗ. ಸೀಟು ಸಿಕ್ಕರೆ ಮನೆಯಲ್ಲಿ ಸಿಹಿ ಮಾಡುತ್ತಾರೆ. ಟ್ರಂಕು, ತಟ್ಟೆ, ಲೋಟ ಕೊಡಿಸಿ ಅಪ್ಪ ಅಮ್ಮನೇ ಬಿಟ್ಟು ಬರುತ್ತಾರೆ.

ಕೆನಡಾದಲ್ಲಿ ಇದೇ ಪದ ಕೇಳಿದರೆ ಮೂಲನಿವಾಸಿ ಮನೆಗಳಲ್ಲಿ ಹಿರಿಯರು ಮೌನವಾಗುತ್ತಾರೆ. ಅಲ್ಲಿ ಮಕ್ಕಳನ್ನು ಮನೆಯಿಂದ ದೂರ ಒಯ್ಯುವುದೇ ಶಾಲೆಯ ಉದ್ದೇಶವಾಗಿತ್ತು. ಓದು ಆಮೇಲಿನ ಮಾತು. ಮಗು ಅಪ್ಪ ಅಮ್ಮನ ಜೊತೆ ಇದ್ದರೆ ಅವರ ಹಾಗೇ ಯೋಚಿಸುತ್ತದೆ, ಅದಕ್ಕೆ ದೂರ ಇಡಬೇಕು ಎಂದು ಮೊದಲ ಪ್ರಧಾನಿ ಜಾನ್ ಎ. ಮೆಕ್‌ಡೊನಾಲ್ಡ್ 1883ರಲ್ಲಿ ಸಂಸತ್ತಿನಲ್ಲೇ ವಾದಿಸಿದ್ದರು. ಬಚ್ಚಿಟ್ಟ ಯೋಜನೆ ಅಲ್ಲ ಇದು. ಬಾಯಿಬಿಟ್ಟು ಹೇಳಿಯೇ ಮಾಡಿದ್ದು.

"ಇಂಡಿಯನ್" ಅಂತ ಹೆಸರಿದೆಯಲ್ಲ, ನಮ್ಮವರಾ?

ಅಲ್ಲ. ಮೂಲನಿವಾಸಿಗಳ ಬಗ್ಗೆ ಮಾಡಿದ 1876ರ ಕಾನೂನಿನ ಹೆಸರು ಇವತ್ತಿಗೂ "ಇಂಡಿಯನ್ ಆಕ್ಟ್". ಕೊಲಂಬಸ್ ದಾರಿ ತಪ್ಪಿ ಕೊಟ್ಟ ಹೆಸರು ಕಾನೂನಿನಲ್ಲಿ ಉಳಿದುಬಿಟ್ಟಿದೆ. ಈ ಜನ ತಮ್ಮನ್ನು ಫಸ್ಟ್ ನೇಷನ್ಸ್, ಇನ್ಯುಯಿಟ್, ಮೇಟಿ ಎಂದು ಕರೆದುಕೊಳ್ಳುತ್ತಾರೆ. ಅದರೊಳಗೂ ಕ್ರೀ, ಮೊಹಾಕ್, ಒಜಿಬ್ವೆ ಹೀಗೆ ಹತ್ತಾರು ಜನಾಂಗ, 70ರಷ್ಟು ಭಾಷೆ.

ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು?

ಬ್ರಾಂಟ್‌ಫರ್ಡ್‌ನ ಮೊಹಾಕ್ ಇನ್‌ಸ್ಟಿಟ್ಯೂಟ್ 1831ರ ಹೊತ್ತಿಗೇ ಮಕ್ಕಳನ್ನು ಇಟ್ಟುಕೊಳ್ಳುತ್ತಿತ್ತು. ಸರ್ಕಾರ ದುಡ್ಡು ಹಾಕಿ, ಚರ್ಚ್‌ಗಳು ನಡೆಸುವ ದೊಡ್ಡ ವ್ಯವಸ್ಥೆ ಶುರುವಾಗಿದ್ದು 1883ರಿಂದ. ಅರ್ಧಕ್ಕಿಂತ ಹೆಚ್ಚು ಶಾಲೆಗಳನ್ನು ಕ್ಯಾಥೊಲಿಕರು ನಡೆಸಿದರು. ಉಳಿದವನ್ನು ಹೆಚ್ಚಾಗಿ ಆಂಗ್ಲಿಕನ್, ಯುನೈಟೆಡ್ ಮತ್ತು ಪ್ರೆಸ್ಬಿಟೇರಿಯನ್ ಚರ್ಚ್‌ಗಳು. ಬದುಕುಳಿದವರಿಗೆ ಪರಿಹಾರ ಕೊಡಲು ಮುಂದೆ 2007ರಲ್ಲಿ ಜಾರಿಗೆ ಬಂದ ಒಪ್ಪಂದದ ಪಟ್ಟಿಯಲ್ಲಿ 139 ಶಾಲೆಗಳಿದ್ದವು. ಒಟ್ಟು 1,50,000ಕ್ಕೂ ಹೆಚ್ಚು ಮಕ್ಕಳು ಈ ಶಾಲೆಗಳಿಗೆ ಹೋದರು.

ಮುಗಿದದ್ದು 1990ರ ದಶಕದಲ್ಲಿ. ಸಸ್ಕ್ಯಾಚವಾನ್‌ನ ಗಾರ್ಡನ್ಸ್ ಶಾಲೆ ಮುಚ್ಚಿದ್ದು 1996ರಲ್ಲಿ, ಉತ್ತರದ ರ‍್ಯಾಂಕಿನ್ ಇನ್‌ಲೆಟ್‌ನ ಕಿವಾಲಿಕ್ ಹಾಲ್ 1997ರಲ್ಲಿ. "ಹಳೇ ಕಾಲದ ಕಥೆ" ಎನ್ನುವವರು ಈ ಎರಡು ಇಸವಿ ನೆನಪಿಡಬೇಕು. ಅಲ್ಲಿ ಓದಿದವರು ಇವತ್ತು ನನ್ನ ವಯಸ್ಸಿನವರು.

ಅಪ್ಪ ಅಮ್ಮ ಯಾಕೆ ಕಳಿಸಿದರು?

ಕೆಲವರು ಓದು ಬರಲಿ ಎಂದು ನಂಬಿ ಕಳಿಸಿದರು. ತಮ್ಮ ಊರಲ್ಲೇ ಶಾಲೆ ಕೊಡಿ ಎಂದು ಕೇಳಿದವರೂ ಇದ್ದರು. ಆದರೆ ಬಹಳ ಮಂದಿಗೆ ಬೇರೆ ದಾರಿಯೇ ಇರಲಿಲ್ಲ. 1920ರಲ್ಲಿ ಇಂಡಿಯನ್ ಆಕ್ಟ್ ತಿದ್ದುಪಡಿ ಆಯಿತು. 7ರಿಂದ 15 ವರ್ಷದ ಮಕ್ಕಳನ್ನು ಕಳಿಸದಿದ್ದರೆ ದಂಡ ಅಥವಾ ಜೈಲು. ಮೂಲನಿವಾಸಿಗಳ ವಿಷಯ ನೋಡಿಕೊಳ್ಳುತ್ತಿದ್ದ ಸರ್ಕಾರಿ ಇಲಾಖೆಯ ಮುಖ್ಯಸ್ಥ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ "ಇಂಡಿಯನ್ ಸಮಸ್ಯೆ"ಯನ್ನೇ ಇಲ್ಲವಾಗಿಸಬೇಕು ಎಂದವರು. ಜನರನ್ನೇ ಸಮಸ್ಯೆ ಎಂದು ಕರೆದ ಮೇಲೆ ಮುಂದಿನದೆಲ್ಲ ಸಲೀಸಾಯಿತು.

ಒಳಗೆ ಏನಾಗುತ್ತಿತ್ತು?

ಮೊದಲ ದಿನ ಕೂದಲು ಕತ್ತರಿಸುತ್ತಿದ್ದರು. ಮನೆಯಿಂದ ಹಾಕಿಕೊಂಡು ಬಂದ ಬಟ್ಟೆ ತೆಗೆಸುತ್ತಿದ್ದರು. ಹೆಸರು ಬದಲಾಗುತ್ತಿತ್ತು. ಎಷ್ಟೋ ಕಡೆ ಹೆಸರಿನ ಜೊತೆ ಒಂದು ನಂಬರ್ ಸೇರುತ್ತಿತ್ತು. ಬಟ್ಟೆಯ ಮೇಲೂ ಅದೇ, ಕರೆಯುವಾಗಲೂ ಅದೇ. ಎಪ್ಪತ್ತು ದಾಟಿದ ಮೇಲೂ ತಮ್ಮ ನಂಬರ್ ಥಟ್ಟನೆ ಹೇಳುವ ಅಜ್ಜಿಯರಿದ್ದಾರೆ.

ತಮ್ಮ ಭಾಷೆ ಆಡಿದರೆ ಏಟು. ಅಣ್ಣ ತಂಗಿ ಒಂದೇ ಶಾಲೆಯಲ್ಲಿದ್ದರೂ ಮಾತಾಡುವ ಹಾಗಿರಲಿಲ್ಲ. 1950ರ ದಶಕದವರೆಗೂ ಅರ್ಧ ದಿನ ಪಾಠ, ಅರ್ಧ ದಿನ ದುಡಿಮೆ: ಹೊಲ, ಅಡುಗೆಮನೆ, ಬಟ್ಟೆ ಒಗೆಯುವುದು. ಊಟ ಸಾಲುತ್ತಿರಲಿಲ್ಲ. ಮೊಹಾಕ್ ಇನ್‌ಸ್ಟಿಟ್ಯೂಟನ್ನು ಮಕ್ಕಳು "ಮಷ್ ಹೋಲ್" ಎಂದೇ ಕರೆಯುತ್ತಿದ್ದರು. ದಿನಾ ಸಿಗುತ್ತಿದ್ದ ನೀರು ನೀರಾದ ಗಂಜಿಯಿಂದ ಬಂದ ಹೆಸರು. ಲೈಂಗಿಕ ದೌರ್ಜನ್ಯ ಅಲ್ಲೊಂದು ಇಲ್ಲೊಂದು ನಡೆದದ್ದಲ್ಲ. ದೌರ್ಜನ್ಯಕ್ಕೆ ಪರಿಹಾರ ಕೇಳಿ ಮುಂದೆ ಬಂದ ಅರ್ಜಿಗಳೇ ಸುಮಾರು 38,000.

ಹಸಿದ ಮಕ್ಕಳ ಮೇಲೆ ಪ್ರಯೋಗವೂ ನಡೆಯಿತು. 1948ರಿಂದ 1952ರವರೆಗೆ ಆರು ಶಾಲೆಗಳಲ್ಲಿ ಸುಮಾರು ಸಾವಿರ ಮಕ್ಕಳನ್ನು ಪೋಷಕಾಂಶಗಳ ಅಧ್ಯಯನಕ್ಕೆ ಬಳಸಿಕೊಂಡರು. ಒಂದು ಶಾಲೆಯಲ್ಲಿ, ಹೋಲಿಸಿ ನೋಡಲು ಬೇಕು ಎಂದು, ಮಕ್ಕಳಿಗೆ ಬೇಕಾದ ಹಾಲಿನಲ್ಲಿ ಅರ್ಧಕ್ಕಿಂತ ಕಡಿಮೆಯನ್ನೇ ಎರಡು ವರ್ಷ ಕೊಟ್ಟರು. ಇದನ್ನು ಮೊದಲ ಸಲ ಓದಿದ ದಿನ ರಾತ್ರಿ ಮಗಳಿಗೆ ಹಾಲಿನ ಲೋಟ ಕೊಡುವಾಗ ನನ್ನ ಕೈ ನಡುಗಿತು.

ಓಡಿಹೋಗಬಹುದಿತ್ತಲ್ಲ?

ಓಡುತ್ತಿದ್ದರು. ಚ್ಯಾನಿ ವೆಂಜಾಕ್ ಎಂಬ ಹುಡುಗನಿಗೆ 12 ವರ್ಷ. ಶಾಲೆ ಅವನನ್ನು "ಚಾರ್ಲಿ" ಮಾಡಿತ್ತು. 1966ರ ಅಕ್ಟೋಬರ್‌ನಲ್ಲಿ ಕೆನೋರಾದ ಶಾಲೆಯಿಂದ ತಪ್ಪಿಸಿಕೊಂಡ. ಮನೆ ಒಗೋಕಿ ಪೋಸ್ಟ್‌ನಲ್ಲಿ, ಸುಮಾರು 600 ಕಿಲೋಮೀಟರ್ ದೂರ. ಅಷ್ಟು ದೂರ ಇದೆ ಅಂತ ಅವನಿಗೆ ಗೊತ್ತಿರಲಿಲ್ಲ. ರೈಲು ಕಂಬಿ ಹಿಡಿದು ನಡೆದರೆ ಅಪ್ಪ ಸಿಗುತ್ತಾನೆ ಅಂದುಕೊಂಡಿದ್ದ. ಮೈಮೇಲೆ ತೆಳ್ಳನೆ ಜಾಕೆಟ್, ಜೇಬಲ್ಲಿ ಪುಟ್ಟ ಗಾಜಿನ ಶೀಶೆ, ಅದರೊಳಗೆ ಕೆಲವು ಬೆಂಕಿಕಡ್ಡಿ. ಕಂಬಿಯ ಪಕ್ಕದಲ್ಲೇ ಚಳಿಗೆ ಪ್ರಾಣ ಬಿಟ್ಟ.

ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ನಾವು ಹೀಟರ್ ಹಾಕಿಕೊಂಡು, ಜಾಕೆಟ್ ಮೇಲೆ ಜಾಕೆಟ್ ಹಾಕಿದರೂ ಗೊಣಗುತ್ತೇವೆ. ಆ ಚಳಿ ಎಂಥದ್ದು ಎಂದು ಇಲ್ಲಿಗೆ ಬಂದ ಮೇಲೇ ನನಗೆ ಅರ್ಥವಾಗಿದ್ದು.

ಎಷ್ಟು ಮಕ್ಕಳು ತೀರಿಕೊಂಡರು? ಸರ್ಕಾರಕ್ಕೆ ಗೊತ್ತಿರಲಿಲ್ವಾ?

ಚೆನ್ನಾಗಿ ಗೊತ್ತಿತ್ತು. ಇಲಾಖೆಯ ವೈದ್ಯಾಧಿಕಾರಿ ಪೀಟರ್ ಬ್ರೈಸ್ 1907ರಲ್ಲೇ ವರದಿ ಕೊಟ್ಟರು. ಕ್ಷಯ ಹರಡಿತ್ತು, ಕೋಣೆಗಳಲ್ಲಿ ಗಾಳಿ ಆಡುತ್ತಿರಲಿಲ್ಲ, ರೋಗ ಬಂದ ಮಕ್ಕಳನ್ನೂ ಆರೋಗ್ಯವಾಗಿದ್ದವರನ್ನೂ ಒಟ್ಟಿಗೇ ಮಲಗಿಸುತ್ತಿದ್ದರು. ಅವರ ಪ್ರಶ್ನೆಗಳಿಗೆ ಉತ್ತರ ಕಳಿಸಿದ ಶಾಲೆಗಳ ಲೆಕ್ಕದಲ್ಲಿ, ಸೇರಿದ್ದ ಮಕ್ಕಳಲ್ಲಿ ಶೇ. 24ರಷ್ಟು ಮಂದಿ ಸತ್ತಿದ್ದರು. ನಾಲ್ಕರಲ್ಲಿ ಒಂದು ಮಗು ಅಂದುಕೊಳ್ಳಿ. ಪತ್ರಿಕೆಯಲ್ಲೂ ಬಂತು. ಸರ್ಕಾರ ಮಾತ್ರ ಅವರ ಶಿಫಾರಸುಗಳನ್ನು ಪಕ್ಕಕ್ಕಿಟ್ಟಿತು. ಕೆಲಸ ಬಿಟ್ಟ ಮೇಲೆ 1922ರಲ್ಲಿ ಬ್ರೈಸ್ ಅದನ್ನೆಲ್ಲ ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದರು. ಆಗಲೂ ಏನೂ ಕದಲಲಿಲ್ಲ.

ಈ ಶಾಲೆಗಳಲ್ಲಿ ನಡೆದದ್ದನ್ನು ದಾಖಲಿಸಲು ರಚಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಲೆಕ್ಕ ಹಾಕಿದಾಗ ದಾಖಲೆಯಲ್ಲಿ ಸಿಕ್ಕ ಸಾವು ಸುಮಾರು 3,200. ಆಯೋಗದ ದಾಖಲೆಗಳನ್ನು ಇಟ್ಟುಕೊಂಡಿರುವ ವಿನ್ನಿಪೆಗ್‌ನ ರಾಷ್ಟ್ರೀಯ ಕೇಂದ್ರದ ಪಟ್ಟಿ ಈಗ 4,100 ದಾಟಿದೆ. ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಅಂಕಿ. ಆಯೋಗ ಗುರುತಿಸಿದ ಸಾವುಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗಕ್ಕೆ ಸತ್ತ ಮಗುವಿನ ಹೆಸರೇ ಬರೆದಿಲ್ಲ. ಕಾಲು ಭಾಗದಷ್ಟಕ್ಕೆ ಗಂಡೋ ಹೆಣ್ಣೋ ಎಂದೂ ಬರೆದಿಲ್ಲ. ಅರ್ಧದಷ್ಟಕ್ಕೆ ಹೇಗೆ ಸತ್ತಿತು ಎಂದಿಲ್ಲ. ಹೆಚ್ಚಿನ ಮಕ್ಕಳ ಶವ ಮನೆಗೆ ಹೋಗಲಿಲ್ಲ. ಸಾಗಿಸುವ ಖರ್ಚು ಇಲಾಖೆಗೆ ಬೇಡವಾಗಿತ್ತು. ಶಾಲೆಯ ಪಕ್ಕದಲ್ಲೇ ಹೂಳುತ್ತಿದ್ದರು. ಮರದ ಶಿಲುಬೆ ಕಾಲಕ್ರಮೇಣ ಕೊಳೆತುಹೋಗುತ್ತಿತ್ತು.

ಇಷ್ಟು ವರ್ಷ ಯಾರೂ ಯಾಕೆ ಮಾತಾಡಲಿಲ್ಲ?

ಮಾತಾಡಿದ್ದರು. ಕೇಳಿಸಿಕೊಂಡವರು ಕಡಿಮೆ. ದೊಡ್ಡದಾಗಿ ಬಾಗಿಲು ತೆರೆದದ್ದು 1990ರಲ್ಲಿ. ಮ್ಯಾನಿಟೋಬಾದ ಮೂಲನಿವಾಸಿ ನಾಯಕ ಫಿಲ್ ಫಾಂಟೇನ್ ತಾನು ಶಾಲೆಯಲ್ಲಿ ಅನುಭವಿಸಿದ ದೌರ್ಜನ್ಯವನ್ನು ಟಿವಿಯಲ್ಲಿ ಹೇಳಿದರು. ಅಂಥ ಸ್ಥಾನದಲ್ಲಿರುವ ಗಂಡಸು ಅದನ್ನು ಬಾಯಿಬಿಟ್ಟು ಹೇಳಿದ್ದು ಸಾವಿರಾರು ಮಂದಿಗೆ ಧೈರ್ಯ ಕೊಟ್ಟಿತು. ಒಂದೊಂದಾಗಿ ಕೋರ್ಟ್ ಕೇಸುಗಳು ಶುರುವಾದವು. ಸರ್ಕಾರ ಒಪ್ಪಂದಕ್ಕೆ ಬಂದದ್ದು ಕೇಸುಗಳ ರಾಶಿ ನೋಡಿದ ಮೇಲೆ. ಸುಮ್ನೆ ಮನಸ್ಸು ಕರಗಿ ಬಂದದ್ದಲ್ಲ.

ದುಡ್ಡು ಕೊಟ್ಟಾಯಿತು, ಕ್ಷಮೆ ಕೇಳಿಯಾಯಿತು. ಇನ್ನೇನು?

2007ರಲ್ಲಿ ಒಪ್ಪಂದ ಜಾರಿಗೆ ಬಂತು. ಶಾಲೆಯಲ್ಲಿದ್ದ ಮೊದಲ ವರ್ಷಕ್ಕೆ 10,000 ಡಾಲರ್, ಆಮೇಲಿನ ಪ್ರತಿ ವರ್ಷಕ್ಕೆ 3,000. ದೌರ್ಜನ್ಯಕ್ಕೆ ಬೇರೆ ವಿಚಾರಣೆ. ವಿಚಾರಣೆ ಮುಗಿಯುವ ಮೊದಲೇ ಎಷ್ಟೋ ಹಿರಿಯರು ತೀರಿಕೊಂಡರು. ಕ್ಯಾಥೊಲಿಕ್ ಸಂಸ್ಥೆಗಳು 2.5 ಕೋಟಿ ಡಾಲರ್ ಸಂಗ್ರಹಿಸಿ ಕೊಡಲು ಪ್ರಯತ್ನಿಸುತ್ತೇವೆ ಎಂದಿದ್ದವು. ಬಂದದ್ದು 40 ಲಕ್ಷಕ್ಕೂ ಕಡಿಮೆ. 2021ರಲ್ಲಿ ಬಿಷಪ್‌ಗಳು ಮತ್ತೆ 3 ಕೋಟಿ ಡಾಲರ್‌ಗೆ ಮಾತು ಕೊಡಬೇಕಾಯಿತು.

2008ರ ಜೂನ್ 11ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಬದುಕುಳಿದವರು ಅಲ್ಲೇ ಕೂತು ಕೇಳಿದರು. ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್‌ನವರನ್ನು ಆ ಕ್ಷಮೆಯಿಂದ ಹೊರಗಿಟ್ಟಿದ್ದರು. ಅವರು 2017ರವರೆಗೆ ಕಾಯಬೇಕಾಯಿತು.

ದುಡ್ಡಿನಿಂದ ಒಂದು ಕೆಲಸ ಆಯಿತು. "ಹೌದು, ನಡೆದದ್ದು ನಿಜ" ಎಂದು ಸರ್ಕಾರ ಬರೆದುಕೊಟ್ಟ ಹಾಗಾಯಿತು. ಅದಕ್ಕಿಂತ ಹೆಚ್ಚಿನದು ದುಡ್ಡಿಗೆ ಆಗುವಂಥದ್ದಲ್ಲ.

ಸತ್ಯ ಮತ್ತು ಸಾಮರಸ್ಯ ಆಯೋಗ ಮಾಡಿದ್ದೇನು?

ಕೇಳಿಸಿಕೊಂಡಿತು. ಕೇಳಲು ಸಣ್ಣದಾಗಿ ಕಾಣುತ್ತದೆ, ಆದರೆ ನೂರು ವರ್ಷ ಯಾರೂ ಮಾಡದ ಕೆಲಸ ಅದು. ನ್ಯಾಯಾಧೀಶ ಮರ್ರಿ ಸಿಂಕ್ಲೇರ್ ಅಧ್ಯಕ್ಷರು. ಅವರೂ ಮೂಲನಿವಾಸಿ. ಜೊತೆಗೆ ವಿಲ್ಟನ್ ಲಿಟಲ್‌ಚೈಲ್ಡ್ ಮತ್ತು ಮೇರಿ ವಿಲ್ಸನ್. ಲಿಟಲ್‌ಚೈಲ್ಡ್ ಇಂಥ ಶಾಲೆಯಲ್ಲೇ ಬೆಳೆದವರು. ವಿನ್ನಿಪೆಗ್‌ನಿಂದ ಎಡ್ಮಂಟನ್‌ವರೆಗೆ ಏಳು ದೊಡ್ಡ ಸಭೆಗಳು, ಹಳ್ಳಿಗಳಲ್ಲಿ ಇನ್ನೂ ಎಷ್ಟೋ. 6,500ಕ್ಕೂ ಹೆಚ್ಚು ಜನ ತಮ್ಮ ಮಾತು ದಾಖಲಿಸಿದರು.

ಆ ಸಭೆಗಳಲ್ಲಿ ಒಂದು ರೂಢಿ ಇತ್ತು. ಮಾತಾಡುವವರೂ ಕೇಳುವವರೂ ಕಣ್ಣೊರೆಸಿಕೊಂಡ ಟಿಶ್ಯೂ ಕಾಗದವನ್ನು ಯಾರೂ ಕಸದ ಬುಟ್ಟಿಗೆ ಹಾಕುತ್ತಿರಲಿಲ್ಲ. ಸಹಾಯಕರು ಸಾಲುಗಳ ನಡುವೆ ಓಡಾಡಿ ಅವನ್ನು ಒಟ್ಟುಮಾಡುತ್ತಿದ್ದರು. ಆಮೇಲೆ ಹೊರಗೆ ಉರಿಯುತ್ತಿದ್ದ ಪವಿತ್ರ ಬೆಂಕಿಗೆ ಹಾಕುತ್ತಿದ್ದರು. ಕಣ್ಣೀರು ಕಸ ಅಲ್ಲ ಎಂಬ ಭಾವನೆ. ವೇದಿಕೆಯ ಬಳಿ ಕಲಾವಿದ ಲ್ಯೂಕ್ ಮಾರ್ಸ್‌ಟನ್ ಕೆತ್ತಿದ ದೇವದಾರು ಪೆಟ್ಟಿಗೆ ಇರುತ್ತಿತ್ತು. ಜನ ಅದರಲ್ಲಿ ಫೋಟೊ, ಪತ್ರ, ತಮಗೆ ಪ್ರಿಯವಾದ ವಸ್ತು ಇಡುತ್ತಿದ್ದರು.

2015ರಲ್ಲಿ ಆಯೋಗ ಈ ಶಾಲೆಗಳನ್ನು "ಸಾಂಸ್ಕೃತಿಕ ನರಮೇಧ" ಎಂದು ಕರೆದು, 94 ಕೆಲಸಗಳ ಪಟ್ಟಿ ಕೊಟ್ಟಿತು. ಹೊರಗಿನವರು ಇಟ್ಟ ಲೆಕ್ಕದಲ್ಲಿ, ಅದರಲ್ಲಿ ಹೆಚ್ಚಿನವು ಇನ್ನೂ ಪೂರ್ತಿಯಾಗಿಲ್ಲ. ಸಿಂಕ್ಲೇರ್ 2024ರ ನವೆಂಬರ್‌ನಲ್ಲಿ ತೀರಿಕೊಂಡರು.

ಕ್ಯಾಮ್ಲೂಪ್ಸ್‌ನ 215 ಸಮಾಧಿ ಸುಳ್ಳಂತೆ, ಹೌದಾ?

ವಾಟ್ಸಾಪ್‌ನಲ್ಲಿ ನನಗೂ ಬಂದಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2021ರ ಮೇ 27ರಂದು ಕ್ಯಾಮ್ಲೂಪ್ಸ್‌ನ ಸೆಕ್ವೆಪೆಮ್ಕ್ ಸಮುದಾಯ, ಹಳೆಯ ಶಾಲೆಯ ಪಕ್ಕದ ತೋಟದಲ್ಲಿ ರೇಡಾರ್ ಹುಡುಕಾಟದಿಂದ 215 ಮಕ್ಕಳ ಅವಶೇಷ ಇರುವುದು ತಿಳಿದಿದೆ ಎಂದು ಪ್ರಕಟಿಸಿತು. ಮುಂದೆ ಪರಿಶೀಲಿಸಿ ಸುಮಾರು 200 "ಸಂಭವನೀಯ" ಸಮಾಧಿ ಎಂದು ತಿದ್ದಿಕೊಂಡರು. ಆ ರೇಡಾರ್ ಮಣ್ಣು ಕದಡಿದ ಜಾಗವನ್ನು ತೋರಿಸುತ್ತದೆ. ಮೂಳೆಯನ್ನು ತೋರಿಸುವುದಿಲ್ಲ. "ಸಾಮೂಹಿಕ ಸಮಾಧಿ" ಎಂದು ಬರೆದದ್ದು ಮಾಧ್ಯಮದ ಕೆಲವರು. ಹಾಗಲ್ಲ ಎಂದು ಮುಖ್ಯಸ್ಥೆ ರೊಸಾನ್ ಕ್ಯಾಸಿಮಿರ್ ಅವರೇ ಹೇಳಿದರು. ಅಗೆಯಬೇಕೋ ಬೇಡವೋ ಎಂಬುದು ಆ ಸಮುದಾಯಗಳು ತೀರ್ಮಾನಿಸುವ ವಿಷಯ. ತಮ್ಮ ಮನೆಯವರ ಗೋರಿಯನ್ನು ಯಾರದೋ ಅನುಮಾನ ತೀರಿಸಲು ಯಾರೂ ಅಗೆಯುವುದಿಲ್ಲ.

ಮುಂದಿನ ತಿಂಗಳು ಸಸ್ಕ್ಯಾಚವಾನ್‌ನ ಕೌವೆಸೆಸ್‌ನಲ್ಲಿ 751 ಗುರುತಿಲ್ಲದ ಗೋರಿಗಳ ಸುದ್ದಿ ಬಂತು. ಅದು ಮೊದಲಿಂದಲೂ ಸ್ಮಶಾನ. ಗುರುತಿನ ಕಲ್ಲುಗಳನ್ನು 1960ರ ದಶಕದಲ್ಲಿ ಕಿತ್ತು ಹಾಕಿದ್ದರು ಎಂದು ಅಲ್ಲಿನ ಮುಖ್ಯಸ್ಥರು ಹೇಳಿದರು. ಅಲ್ಲಿ ದೊಡ್ಡವರ ಗೋರಿಗಳೂ ಇರಬಹುದು ಎಂದೂ ಅವರೇ ಹೇಳಿದ್ದರು.

ಈಗ ಮುಖ್ಯ ಮಾತು. ಮಕ್ಕಳು ಸತ್ತದ್ದಕ್ಕೆ ಸಾಕ್ಷಿ ರೇಡಾರ್ ಅಲ್ಲ. 1907ರ ಬ್ರೈಸ್ ವರದಿ, ಶಾಲೆಗಳ ರಿಜಿಸ್ಟರು, ಇಲಾಖೆಯ ಪತ್ರಗಳು, ಬದುಕುಳಿದವರ ಮಾತು. ಒಂದು ತೋಟದ ಲೆಕ್ಕ ತಿದ್ದುಪಡಿ ಆದರೆ ಅವೆಲ್ಲ ಅಳಿಸಿಹೋಗುವುದಿಲ್ಲ. ಆಯೋಗ 2009ರಲ್ಲೇ ಕಾಣೆಯಾದ ಮಕ್ಕಳ ಹುಡುಕಾಟಕ್ಕೆ 15 ಲಕ್ಷ ಡಾಲರ್ ಕೇಳಿತ್ತು. ಸರ್ಕಾರ ಕೊಡಲಿಲ್ಲ. ಆಗಲೇ ಕೊಟ್ಟಿದ್ದರೆ ಇಷ್ಟು ಗೊಂದಲ ಇರುತ್ತಿತ್ತೇ?

ಪೋಪ್ ಬಂದಿದ್ದರಲ್ಲ?

2022ರ ಜುಲೈ 25ರಂದು ಆಲ್ಬರ್ಟಾದ ಮಸ್ಕ್ವಾಚೀಸ್‌ನಲ್ಲಿ ಪೋಪ್ ಫ್ರಾನ್ಸಿಸ್ ಕ್ಷಮೆ ಕೇಳಿದರು. ಕೆಲವರು ಅತ್ತರು. ವ್ಯಕ್ತಿಗಳ ತಪ್ಪು ಎಂದರು, ಚರ್ಚಿನ ತಪ್ಪು ಎನ್ನಲಿಲ್ಲ ಎಂದು ಕೆಲವರು ಬೇಸರಪಟ್ಟರು. ವಾಪಸ್ ಹೋಗುವಾಗ ವಿಮಾನದಲ್ಲಿ ಪತ್ರಕರ್ತರು ಕೇಳಿದ್ದಕ್ಕೆ, ನಡೆದದ್ದು ನರಮೇಧ ಎಂದು ಒಪ್ಪಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ಕೆನಡಾದ ಕೆಳಮನೆ ಕೂಡ ಸರ್ವಾನುಮತದಿಂದ ಅದೇ ಮಾತು ಹೇಳಿತು.

ಕಿತ್ತಳೆ ಅಂಗಿ ಯಾಕೆ?

ಫಿಲಿಸ್ ವೆಬ್‌ಸ್ಟ್ಯಾಡ್ ಎಂಬಾಕೆಗೆ 1973ರಲ್ಲಿ ಆರು ವರ್ಷ. ಶಾಲೆಗೆ ಹೋಗಲು ಅಜ್ಜಿ ಹೊಸ ಅಂಗಿ ಕೊಡಿಸಿದರು. ಹೊಳೆಯುವ ಕಿತ್ತಳೆ ಬಣ್ಣ, ಮುಂದೆ ದಾರ ಕಟ್ಟುವಂಥದ್ದು. ಅವಳೇ ಆರಿಸಿದ್ದು. ಶಾಲೆಗೆ ಕಾಲಿಟ್ಟ ಕೂಡಲೇ ಅದನ್ನು ಬಿಚ್ಚಿಸಿದರು. ಮತ್ತೆ ಕೊಡಲೇ ಇಲ್ಲ. 2013ರಲ್ಲಿ ಆಕೆ ಇದನ್ನು ಹೇಳಿದ ಮೇಲೆ ಆ ದಿನಾಚರಣೆ ಶುರುವಾಯಿತು. ಸೆಪ್ಟೆಂಬರ್ ಯಾಕೆಂದರೆ ಮಕ್ಕಳನ್ನು ಒಯ್ಯುತ್ತಿದ್ದದ್ದು ಆ ತಿಂಗಳಲ್ಲಿ. 2021ರಿಂದ ಸೆಪ್ಟೆಂಬರ್ 30 ಕೇಂದ್ರ ಸರ್ಕಾರದ ರಜಾ ದಿನ.

ಎಲ್ಲ ಮುಗಿದುಹೋದದ್ದು. ಈಗ ಯಾಕೆ ಕೆದಕಬೇಕು?

ಮುಗಿದಿಲ್ಲ, ಅದಕ್ಕೇ. ಕೆನಡಾದ 14 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ನೂರಕ್ಕೆ ಎಂಟಕ್ಕೂ ಕಡಿಮೆ. ಆದರೆ ಸಾಕುಮನೆಗಳಲ್ಲಿರುವ, ಅಂದರೆ ಸರ್ಕಾರ ಬೇರೆಯವರ ಮನೆಯಲ್ಲಿ ಇರಿಸಿದ ಮಕ್ಕಳಲ್ಲಿ ಅವರೇ ಅರ್ಧಕ್ಕಿಂತ ಜಾಸ್ತಿ. ಶಾಲೆ ಹೋಯಿತು, ಮಕ್ಕಳನ್ನು ಮನೆಯಿಂದ ಬಿಡಿಸುವುದು ಬೇರೆ ರೂಪದಲ್ಲಿ ಉಳಿಯಿತು. ಮುದ್ದು ಮಾಡುವುದನ್ನು ನೋಡದೇ ಬೆಳೆದವರು ತಮ್ಮ ಮಕ್ಕಳನ್ನು ಮುದ್ದು ಮಾಡುವುದು ಹೇಗೆಂದು ತಿಳಿಯದೆ ಒದ್ದಾಡಿದರು. ಈ ಮಾತನ್ನು ಬದುಕುಳಿದವರೇ ಮತ್ತೆ ಮತ್ತೆ ಹೇಳಿದ್ದಾರೆ.

ನಾವು ಮೊನ್ನೆ ಬಂದವರು. ನಮಗೇನು ಸಂಬಂಧ?

ಆಯೋಗದ 94 ಅಂಶಗಳಲ್ಲಿ ಕೊನೆಯ ಎರಡು ನಮ್ಮಂಥ ವಲಸಿಗರ ಬಗ್ಗೆಯೇ. 2021ರ ಜೂನ್‌ನಿಂದ ಪೌರತ್ವದ ಪ್ರಮಾಣವಚನ ಬದಲಾಗಿದೆ. ಫಸ್ಟ್ ನೇಷನ್ಸ್, ಇನ್ಯುಯಿಟ್, ಮೇಟಿ ಜನರ ಹಕ್ಕುಗಳನ್ನು ಸಂವಿಧಾನ ಗುರುತಿಸುತ್ತದೆ ಎಂಬ ಸಾಲನ್ನು ಬಲಗೈ ಎತ್ತಿ ನಾವೂ ಹೇಳುತ್ತೇವೆ. ಅರ್ಥ ತಿಳಿದು ಹೇಳೋಣ ಅಂತಷ್ಟೇ ನನ್ನ ಆಸೆ. ಟೊರೊಂಟೊದಲ್ಲಿ ಓದಲು ಬರುವ ನಮ್ಮ ಹುಡುಗರು ಸೇರುವ ಒಂದು ವಿಶ್ವವಿದ್ಯಾಲಯದ ಹೆಸರು ರಯರ್ಸನ್ ಅಂತಿತ್ತು. ಇಂಥ ಶಾಲೆಗಳಿಗೆ ಸಲಹೆ ಬರೆದುಕೊಟ್ಟವರ ಹೆಸರದು. 2022ರಲ್ಲಿ ಟೊರೊಂಟೊ ಮೆಟ್ರೊಪಾಲಿಟನ್ ಎಂದು ಬದಲಾಯಿತು.

"ನಮ್ಮ ಮಕ್ಕಳೂ ಇಲ್ಲಿ ಕನ್ನಡ ಮರೆಯುತ್ತಾರೆ, ಅದೂ ಇದೇ ಅಲ್ವಾ?" ಎಂದು ಒಬ್ಬರು ಕೇಳಿದ್ದರು. ಅಲ್ಲ. ನನ್ನ ಮಗಳು ಕನ್ನಡ ಮರೆತರೂ ಊರಲ್ಲಿ ಕೋಟಿಗಟ್ಟಲೆ ಜನ ಆಡುತ್ತಿರುತ್ತಾರೆ. ಮೊಹಾಕ್ ಭಾಷೆಗೆ ಬೇರೆ ತವರಿಲ್ಲ. ಇದೇ ಮಣ್ಣು ಅದರ ತವರು.

ನಮ್ಮ ಆಶ್ರಮ ಶಾಲೆಗಳೂ ಹೀಗೇನಾ?

ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಜೇನುಕುರುಬರ, ಸೋಲಿಗರ ಮಕ್ಕಳನ್ನು ಪೊಲೀಸರು ಎಳೆದೊಯ್ಯುವ ಕಾನೂನು ನಮ್ಮಲ್ಲಿಲ್ಲ. ತಾಯಿ ಬೇಕೆಂದಾಗ ಮಗುವನ್ನು ಕರೆದುಕೊಂಡು ಬರಬಹುದು. ಆದರೆ ಕಾಡಂಚಿನ ಹಾಡಿಯಿಂದ ಬಂದ ಆರು ವರ್ಷದ ಮಗುವಿಗೆ ಮೊದಲ ದಿನವೇ ಕನ್ನಡ ಪರಭಾಷೆ. ಅದರ ಮನೆಮಾತಿಗೆ ತರಗತಿಯಲ್ಲಿ ಎಷ್ಟು ಜಾಗ ಇದೆ? ಈ ಪ್ರಶ್ನೆಯನ್ನು ಕನ್ನಡದವರಾಗಿ ನಾವೇ ಕೇಳಿಕೊಳ್ಳಬೇಕು. ನಮ್ಮ ಭಾಷೆಗೆ ಜಾಗ ಕೇಳುವವರಿಗೆ ಇದು ಬೇಗ ಅರ್ಥವಾಗಬೇಕು.

ಕಳೆದುಹೋದ ಹೆಸರುಗಳು ವಾಪಸ್ ಸಿಗುತ್ತವೆಯೇ?

ಕೆಲವು ಸಿಗುತ್ತಿವೆ. 2019ರ ಸೆಪ್ಟೆಂಬರ್ 30ರಂದು ಒಟ್ಟಾವಾ ಪಕ್ಕದ ಗ್ಯಾಟಿನೋದಲ್ಲಿ 50 ಮೀಟರ್ ಉದ್ದದ ಕೆಂಪು ಬಟ್ಟೆಯೊಂದನ್ನು ಬಿಚ್ಚಿದರು. ಅದರ ಮೇಲೆ 2,800 ಮಕ್ಕಳ ಹೆಸರು. ಹಿರಿಯರು, ಮಕ್ಕಳು ಅದರ ಅಂಚು ಹಿಡಿದು ಸಭೆಯ ನಡುವೆ ನಡೆದರು. ಹೆಸರು ಸಿಗದವರು ಆ ಬಟ್ಟೆಯಲ್ಲಿ ಇಲ್ಲ.

ಬದುಕಿರುವವರಿಗೂ ಒಂದು ದಾರಿ ಆಗಿದೆ. ಆಯೋಗದ 17ನೇ ಅಂಶ: ಶಾಲೆ ಬದಲಿಸಿದ ಹೆಸರನ್ನು ಬಿಟ್ಟು ತಮ್ಮ ಹೆಸರನ್ನು ದಾಖಲೆಗಳಲ್ಲಿ ಹಾಕಿಸಿಕೊಳ್ಳುವವರಿಂದ ಐದು ವರ್ಷ ಶುಲ್ಕ ತೆಗೆದುಕೊಳ್ಳಬೇಡಿ. 2021ರ ಜೂನ್‌ನಲ್ಲಿ ಪಾಸ್‌ಪೋರ್ಟ್‌ಗೂ ಇದು ಬಂತು. ಪಾಸ್‌ಪೋರ್ಟ್‌ನಲ್ಲಿ ಹೆಸರು ಏರುಪೇರಾದರೆ ಏನಾಗುತ್ತದೆ ಎಂದು ನಮ್ಮವರಿಗೆ ಹೇಳಬೇಕಿಲ್ಲ. ಇನಿಷಿಯಲ್ ಬಿಡಿಸಿ ಬರೆದು, ಆಫೀಸಿನಲ್ಲಿ ದಿನವಿಡೀ ಅಪ್ಪನ ಹೆಸರಿನಿಂದ ಕರೆಸಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ! ನಮ್ಮದು ಬರೀ ಕಿರಿಕಿರಿ. ಅವರದ್ದು ಕಿತ್ತುಕೊಂಡ ಹೆಸರು.

ಉತ್ತರದ ಡೆನೆ ಭಾಷೆಗಳಲ್ಲಿ ಗಂಟಲಲ್ಲಿ ಉಸಿರು ತಡೆದು ಬಿಡುವ ಒಂದು ಸದ್ದಿದೆ. ಅದರ ಅಕ್ಷರ ಪ್ರಶ್ನೆ ಗುರುತಿನ ಹಾಗೆ ಕಾಣುತ್ತದೆ, ಕೆಳಗಿನ ಚುಕ್ಕೆ ಮಾತ್ರ ಇಲ್ಲ. 2021ರಲ್ಲಿ ಪಾಸ್‌ಪೋರ್ಟ್‌ಗೆ ಹೊಸ ದಾರಿ ತೆರೆದಾಗಲೂ ಅದರಲ್ಲಿ ಅಚ್ಚಾಗುತ್ತಿದ್ದದ್ದು ರೋಮನ್ ಅಕ್ಷರ ಮತ್ತು ಕೆಲವು ಫ್ರೆಂಚ್ ಗುರುತುಗಳು ಮಾತ್ರ. ಹೆಸರಲ್ಲಿ ಆ ಅಕ್ಷರ ಇರುವವರು ಅದೊಂದನ್ನು ಬಿಟ್ಟು ಅರ್ಜಿ ತುಂಬಬೇಕಾಯಿತು.